ಕುಷ್ಠರೋಗದ ಮಾತ್ರೆ ನುಂಗುತ್ತಿರುವಾಗಲೇ ಮಚ್ಚೆ ಊದಿಕೊಂಡರೆ ಮಾತ್ರೆ ನಿಲ್ಲಿಸಬೇಕೇ?

ಪ್ರಶ್ನೆ: ನಮ್ಮದು ಗಂಗಾವತಿ ತಾಲ್ಲೂಕಿನ ಒಂದು ಹಳ್ಳಿ. ತಂದೆಯವರಿಗೆ 54 ವರ್ಷ, ಭತ್ತದ ಬೇಸಾಯ ಮಾಡುತ್ತಾರೆ. ಎರಡು ವರ್ಷದ ಹಿಂದೆ ಅವರ ಬಲ ಮುಂಗೈ ಮೇಲೆ ತಾಮ್ರ ಬಣ್ಣದ ಒಂದು ಮಚ್ಚೆ ಕಾಣಿಸಿತು. ತುರಿಕೆ, ನೋವು ಯಾವುದೂ ಇರಲಿಲ್ಲ. ಹುಳುಕಡ್ಡಿ ಇರಬೇಕೆಂದು ಮೆಡಿಕಲ್ ಶಾಪಿನಿಂದ ಮುಲಾಮು ತಂದು ಹಚ್ಚುತ್ತಾ ಬಂದರು. ಈಗ ಬೆನ್ನು, ತೊಡೆ ಎಲ್ಲ ಸೇರಿ ಎಂಟು ಮಚ್ಚೆಗಳಾಗಿವೆ. ಮನೆ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ ನೋಡಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ಕುಷ್ಠರೋಗವೆಂದು ಹೇಳಿ ಒಂದು ವರ್ಷ ಮಾತ್ರೆ ನುಂಗಬೇಕೆಂದರು. ಈಗ ಮೂರನೆಯ ಪೊಟ್ಟಣ ನಡೆಯುತ್ತಿದೆ. ತಿಂಗಳಿಗೊಮ್ಮೆ ಮೂತ್ರ ಕೆಂಪಾಗುತ್ತದೆ, ಮೈ ಕಪ್ಪಾಗಿದೆ. ಒಂದು ವಾರದಿಂದ ಹಳೆಯ ಮಚ್ಚೆಗಳೆಲ್ಲ ಕೆಂಪಗೆ ಊದಿಕೊಂಡಿವೆ, ಮೊಣಕೈಯಲ್ಲಿ ನೋವಿದೆ, ಊಟ ಮಾಡುವಾಗ ತುತ್ತು ಬೆರಳಿನಿಂದ ಜಾರುತ್ತದೆ. ಮಾತ್ರೆ ಮೈಗೆ ಹಿಡಿಸಿಲ್ಲ, ಉಷ್ಣವಾಗಿದೆ, ನಿಲ್ಲಿಸಿ ನಾಟಿ ಔಷಧಿ ಕೊಡಿಸಿ ಎಂದು ನೆಂಟರು ಹೇಳುತ್ತಿದ್ದಾರೆ. ಮನೆಯಲ್ಲಿ ನನ್ನ ಐದು ವರ್ಷದ ಮಗಳಿದ್ದಾಳೆ. ತಂಗಿಗೆ ಗಂಡು ನೋಡುತ್ತಿದ್ದೇವೆ. ತಂದೆಯವರ ತಟ್ಟೆ ಲೋಟ ಬೇರೆ ಇಟ್ಟಿದ್ದೇವೆ. ನಾವು ಏನು ಮಾಡಬೇಕು?

ಉತ್ತರ: ಮೊದಲು ತುರ್ತಾಗಿ ಮಾಡಬೇಕಾದ ಕೆಲಸವನ್ನು ಹೇಳಿಬಿಡುತ್ತೇನೆ. ಮಾತ್ರೆಯನ್ನು ಒಂದು ದಿನವೂ ನಿಲ್ಲಿಸಬೇಡಿ. ನಾಳೆ ಬೆಳಿಗ್ಗೆಯೇ ತಂದೆಯವರನ್ನು ಕರೆದುಕೊಂಡು ಅದೇ ಆರೋಗ್ಯ ಕೇಂದ್ರಕ್ಕೆ ಹೋಗಿ, ಅಲ್ಲಿ ವೈದ್ಯರು ಸಿಗದಿದ್ದರೆ ನೇರವಾಗಿ ಕೊಪ್ಪಳದ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ಮುಂದಿನ ಪೊಟ್ಟಣ ತರುವ ದಿನದವರೆಗೆ ಕಾಯಬೇಡಿ. ನೀವು ಬರೆದಿರುವ ಲಕ್ಷಣಗಳು ಔಷಧದ ಅಡ್ಡಪರಿಣಾಮವನ್ನಲ್ಲ, ಕುಷ್ಠರೋಗದಲ್ಲಿ ಚಿಕಿತ್ಸೆಗೆ ಮುಂಚೆ, ಚಿಕಿತ್ಸೆಯ ನಡುವೆ ಅಥವಾ ಚಿಕಿತ್ಸೆ ಮುಗಿದ ಮೇಲೂ ಕಾಣಿಸಿಕೊಳ್ಳಬಹುದಾದ ರಿಯಾಕ್ಷನ್ ಎಂಬ ಸ್ಥಿತಿಯನ್ನು ಸೂಚಿಸುತ್ತವೆ. ಪರೀಕ್ಷಿಸಿದ ವೈದ್ಯರೇ ಇದನ್ನು ಖಚಿತಪಡಿಸಬೇಕು, ಆದರೆ ಮೊಣಕೈ ನೋವು ಮತ್ತು ಬೆರಳುಗಳ ಬಲ ಕುಂದಿರುವುದು ಎರಡೂ ಒಟ್ಟಿಗೆ ಇರುವುದರಿಂದ ನರವೊಂದು ಅಪಾಯದಲ್ಲಿದೆ ಎಂದೇ ತಿಳಿದು ನಡೆದುಕೊಳ್ಳಬೇಕು. ಕೂಡಲೇ ಚಿಕಿತ್ಸೆ ಸಿಕ್ಕರೆ ಬೆರಳಿನ ಶಕ್ತಿ ಮರಳಿ ಬರುವ ಸಾಧ್ಯತೆ ಚೆನ್ನಾಗಿದೆ. ಆರು ತಿಂಗಳು ಕಳೆದ ಮೇಲೆ ಬಂದವರಲ್ಲಿ ಆ ಸಾಧ್ಯತೆ ಬಹಳ ಕಡಿಮೆ.

ಕುಷ್ಠರೋಗವನ್ನು ಎಲ್ಲರೂ ಚರ್ಮದ ಕಾಯಿಲೆ ಎಂದುಕೊಳ್ಳುತ್ತಾರೆ. ಅದು ಕಣ್ಣಿಗೆ ಬೀಳುವುದು ಚರ್ಮದ ಮೇಲಾದರೂ ಹಾನಿ ಮಾಡುವುದು ನರಕ್ಕೆ. ಮಚ್ಚೆಯಿಂದ ಯಾರ ಕೈಯೂ ಸೊಟ್ಟಗಾಗುವುದಿಲ್ಲ, ಯಾರ ಕಾಲಿಗೂ ಹುಣ್ಣಾಗುವುದಿಲ್ಲ. ಇವೆಲ್ಲ ನರ ಸತ್ತದ್ದರ ಫಲ. ಇದಕ್ಕೆ ಕಾರಣವಾದ ಮೈಕೋಬ್ಯಾಕ್ಟೀರಿಯಂ ಲೆಪ್ರೇ ಎಂಬ ರೋಗಾಣುವನ್ನು ನಾರ್ವೆಯ ಬರ್ಗೆನ್ ನಗರದಲ್ಲಿ ಗೆರ್ಹಾರ್ಡ್ ಆರ್ಮಾವರ್ ಹ್ಯಾನ್ಸೆನ್ ಎಂಬ ವೈದ್ಯರು 1873ರಲ್ಲಿ ಗುರುತಿಸಿದರು. ಕ್ಷಯದ ರೋಗಾಣುವಿನ ಬಳಗಕ್ಕೆ ಸೇರಿದ್ದಾದರೂ ಇದರ ಬೆಳವಣಿಗೆ ಅತ್ಯಂತ ನಿಧಾನ; ಒಂದು ರೋಗಾಣು ಎರಡಾಗಲು ಸುಮಾರು ಎರಡು ವಾರ ಬೇಕು. ಆದ್ದರಿಂದಲೇ ಸೋಂಕು ತಗುಲಿ ಮೊದಲ ಲಕ್ಷಣ ಕಾಣುವ ಹೊತ್ತಿಗೆ ಸರಾಸರಿ ಐದು ವರ್ಷ ಕಳೆದಿರುತ್ತದೆ, ಕೆಲವರಲ್ಲಿ ಇಪ್ಪತ್ತು ವರ್ಷವೂ ಆಗಬಹುದು. ತಂದೆಯವರಿಗೆ ಇದು ಎಲ್ಲಿಂದ, ಯಾರಿಂದ ಬಂತು ಎಂದು ಮನೆಯಲ್ಲಿ ಲೆಕ್ಕ ಹಾಕುತ್ತಿದ್ದರೆ ಅದನ್ನು ಬಿಟ್ಟುಬಿಡಿ, ಆ ಲೆಕ್ಕ ಯಾರಿಗೂ ಸಿಗುವುದಿಲ್ಲ. ಈ ರೋಗಾಣುವಿಗೆ ದೇಹದ ಒಳಗಿನ ಬಿಸಿಗಿಂತ ತುಸು ತಂಪಾದ ಜಾಗಗಳೇ ಇಷ್ಟ. ಹಾಗಾಗಿ ಅದು ಚರ್ಮದಲ್ಲಿ, ಮೂಗಿನ ಒಳಪದರದಲ್ಲಿ, ಕಿವಿಯ ಹಾಲೆಯಲ್ಲಿ ಮತ್ತು ಚರ್ಮದ ಹತ್ತಿರವೇ ಹಾದುಹೋಗುವ ನರಗಳಲ್ಲಿ ನೆಲೆಸುತ್ತದೆ. ಮೊಣಕೈಯ ಒಳಬದಿ, ಮಣಿಕಟ್ಟು, ಮಂಡಿಯ ಹೊರಬದಿಯ ಕೆಳಗೆ, ಕಾಲಿನ ಹರಡಿನ ಒಳಬದಿ, ಕಣ್ಣಿನ ಸುತ್ತ, ಇವು ಅಂತಹ ನರಗಳಿರುವ ಜಾಗಗಳು.

ಈಗ ನಿಮ್ಮ ತಂದೆಯವರ ಮೊಣಕೈಗೆ ಬರೋಣ. ಮೊಣಕೈಯನ್ನು ಮಡಿಸಿದಾಗ ಒಳಬದಿಯಲ್ಲಿ ಎದ್ದು ಕಾಣುವ ಮೂಳೆಯ ಗುಬುಟಿನ ಹಿಂದೆ ಒಂದು ಸಣ್ಣ ಹಳ್ಳವಿದೆ. ಎಲ್ಲಿಯಾದರೂ ತಗುಲಿದಾಗ ಕಿರುಬೆರಳಿನ ತುದಿಯವರೆಗೂ ಜುಮ್ಮೆನ್ನುವ ಜಾಗ ಅದೇ. ಅಲ್ಲಿ ಹಾದುಹೋಗುವ ಅಲ್ನಾರ್ ನರ ಕಿರುಬೆರಳಿಗೂ ಉಂಗುರ ಬೆರಳಿನ ಅರ್ಧ ಭಾಗಕ್ಕೂ ಸ್ಪರ್ಶಜ್ಞಾನ ಕೊಡುತ್ತದೆ, ಬೆರಳುಗಳನ್ನು ಅಗಲಿಸುವ ಮತ್ತು ಕೂಡಿಸುವ ಸಣ್ಣ ಸ್ನಾಯುಗಳನ್ನು ನಡೆಸುತ್ತದೆ. ಕುಷ್ಠರೋಗದಲ್ಲಿ ಅತಿ ಹೆಚ್ಚಾಗಿ ಪೆಟ್ಟು ತಿನ್ನುವ ನರಗಳಲ್ಲಿ ಇದೂ ಒಂದು. ರೋಗಾಣುಗಳು ವರ್ಷಗಟ್ಟಲೆ ಅದರೊಳಗೆ ಸದ್ದಿಲ್ಲದೆ ಕುಳಿತಿರುತ್ತವೆ. ದೇಹದ ರೋಗನಿರೋಧಕ ಶಕ್ತಿ ಒಮ್ಮೆಲೇ ಎಚ್ಚೆತ್ತು ಅವುಗಳ ಮೇಲೆ, ಸತ್ತ ರೋಗಾಣುಗಳ ಅವಶೇಷಗಳ ಮೇಲೂ ಸೇರಿ, ತಿರುಗಿಬಿದ್ದಾಗ ಉರಿಯೂತವಾಗುತ್ತದೆ. ಮಚ್ಚೆಗಳಲ್ಲಿ ಹೀಗಾದರೆ ಅವು ಕೆಂಪಗೆ ಊದುತ್ತವೆ, ನೋಡಿದವರಿಗೆ ರೋಗ ಹೆಚ್ಚಾದಂತೆ ಕಾಣುತ್ತದೆ. ನರದಲ್ಲಿ ಹೀಗಾದರೆ ನರ ಊದಿಕೊಳ್ಳುತ್ತದೆ, ಆದರೆ ಮೊಣಕೈಯ ಆ ಇಕ್ಕಟ್ಟಿನಲ್ಲಿ ಊದುವುದಕ್ಕೆ ಜಾಗವಿಲ್ಲ. ಕೈ ಊದಿದಾಗ ಬಿಗಿಯಾದ ಬಳೆ ಒತ್ತಿದ ಹಾಗೆ ನರ ತನ್ನ ಹೊದಿಕೆಯೊಳಗೇ ಅಮುಕಿಹೋಗಿ ರಕ್ತಸಂಚಾರ ಕಳೆದುಕೊಳ್ಳುತ್ತದೆ. ತುತ್ತು ಜಾರುವುದಕ್ಕೆ ಇದೇ ಕಾರಣವಾಗಿರುವ ಸಂಭವ ಹೆಚ್ಚು. ಇದರಲ್ಲಿ ಮಾತ್ರೆಯ ಉಷ್ಣದ ಪ್ರಶ್ನೆಯೇ ಇಲ್ಲ. ಮಾತ್ರೆ ನಿಲ್ಲಿಸಿದರೆ ರಿಯಾಕ್ಷನ್ ನಿಲ್ಲುವುದಿಲ್ಲ, ಬದಲಿಗೆ ಉಳಿದ ರೋಗಾಣುಗಳು ಮತ್ತೆ ಬೆಳೆಯಲು ದಾರಿಯಾಗುತ್ತದೆ.

ಇದಕ್ಕೆ ಮುಖ್ಯ ಔಷಧ ಪ್ರೆಡ್ನಿಸೊಲೋನ್ ಎಂಬ, ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮಾತ್ರೆ. ವಯಸ್ಕರಲ್ಲಿ ಸಾಮಾನ್ಯವಾಗಿ ದಿನಕ್ಕೆ 40 ಮಿಲಿಗ್ರಾಂ ಸುಮಾರಿನಲ್ಲಿ, ದೇಹದ ತೂಕ ನೋಡಿಕೊಂಡು ಆರಂಭಿಸಿ, ಒಂದೆರಡು ವಾರಕ್ಕೊಮ್ಮೆ ಇಳಿಸುತ್ತಾ ಕೆಲವು ತಿಂಗಳು ಕೊಡಬೇಕಾಗುತ್ತದೆ. ಈ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ಶುರು ಮಾಡುವುದೂ ತಪ್ಪು, ನೋವು ಹೋಯಿತೆಂದು ಮಧ್ಯದಲ್ಲಿ ಬಿಡುವುದು ಅದಕ್ಕಿಂತ ದೊಡ್ಡ ತಪ್ಪು. ತಂದೆಯವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೊಟ್ಟೆ ಹುಣ್ಣು, ಹಿಂದೆಂದಾದರೂ ಕ್ಷಯ ಇದ್ದಿದ್ದರೆ ಅಥವಾ ಈಗ ಕೆಮ್ಮು, ಸಂಜೆ ಜ್ವರ ಇದ್ದರೆ ಕೇಳುವ ಮೊದಲೇ ವೈದ್ಯರಿಗೆ ಹೇಳಿ. ಗದ್ದೆಯಲ್ಲಿ ಬರಿಗಾಲಲ್ಲಿ ನಡೆಯುವವರಿಗೆ ಸ್ಟೀರಾಯ್ಡ್ ಜೊತೆಗೆ ಜಂತುಹುಳುವಿನ ಔಷಧವನ್ನೂ ಕೊಡುವುದು ರೂಢಿ. ಊತ ಇಳಿಯುವವರೆಗೆ ಆ ಕೈಗೆ ಭಾರದ ಕೆಲಸ ಬೇಡ, ಮೊಣಕೈಯನ್ನು ತುಸು ಮಡಿಸಿದ ಸ್ಥಿತಿಯಲ್ಲಿ ಪಟ್ಟಿ ಕಟ್ಟಿ ವಿಶ್ರಾಂತಿ ಕೊಡಿ. ಬಿಸಿ ಶಾಖ ಕೊಡುವುದು, ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕುವುದು ಖಂಡಿತ ಬೇಡ. ಸ್ಪರ್ಶವಿಲ್ಲದ ಚರ್ಮಕ್ಕೆ ಬಿಸಿ ಇಟ್ಟರೆ ಸುಟ್ಟದ್ದು ಗೊತ್ತಾಗುವುದಿಲ್ಲ.

ಮಚ್ಚೆಗಳು ಐದಕ್ಕಿಂತ ಹೆಚ್ಚಿರುವವರಲ್ಲಿ, ಅದರಲ್ಲೂ ಮೈಯಲ್ಲಿ ರೋಗಾಣುಗಳ ಸಂಖ್ಯೆ ಬಹಳ ಇರುವವರಲ್ಲಿ, ಇನ್ನೊಂದು ಬಗೆಯ ರಿಯಾಕ್ಷನ್ ಕೂಡ ಬರಬಹುದು. ಅದರಲ್ಲಿ ಹಳೆಯ ಮಚ್ಚೆ ಊದುವುದಿಲ್ಲ. ಜ್ವರದೊಂದಿಗೆ ಮುಖ, ತೋಳು, ಕಾಲುಗಳ ಮೇಲೆ ಮುಟ್ಟಿದರೆ ನೋಯುವ ಕೆಂಪು ಗಂಟುಗಳು ಏಳುತ್ತವೆ, ಕೀಲು ನೋಯುತ್ತದೆ, ಕಣ್ಣು ಕೆಂಪಾಗುತ್ತದೆ, ಗಂಡಸರಲ್ಲಿ ವೃಷಣಗಳೂ ಊದಬಹುದು. ಇದಕ್ಕೂ ಸ್ಟೀರಾಯ್ಡ್ ಬೇಕು. ಮತ್ತೆ ಮತ್ತೆ ಬರುತ್ತಿದ್ದರೆ ಪೊಟ್ಟಣದಲ್ಲಿರುವ ಔಷಧಗಳಲ್ಲೊಂದಾದ ಕ್ಲೊಫಾಜಿಮಿನ್ ಪ್ರಮಾಣ ಹೆಚ್ಚಿಸುವುದು, ತಜ್ಞರ ನಿಗಾದಲ್ಲಿ ಥ್ಯಾಲಿಡೊಮೈಡ್ ಕೊಡುವುದು ಉಂಟು. ಥ್ಯಾಲಿಡೊಮೈಡ್ ಗರ್ಭದಲ್ಲಿರುವ ಶಿಶುವಿನ ಅಂಗಾಂಗಗಳನ್ನು ಕೆಡಿಸುವ ಔಷಧವಾದ್ದರಿಂದ ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಕೊಡುವಂತಿಲ್ಲ.

ನಾಳೆ ವೈದ್ಯರು ಏನು ಪರೀಕ್ಷೆ ಮಾಡುತ್ತಾರೆ ಎಂಬುದು ನಿಮಗೆ ತಿಳಿದಿರಲಿ, ಏಕೆಂದರೆ ಮುಂದಿನ ತಿಂಗಳುಗಳಲ್ಲಿ ನೀವೇ ಮನೆಯಲ್ಲಿ ಇದನ್ನು ಗಮನಿಸುತ್ತಿರಬೇಕು. ಅವರು ತಂದೆಯವರ ಎರಡೂ ಮೊಣಕೈಗಳ ಹಿಂದೆ ಬೆರಳಾಡಿಸಿ ನರ ದಪ್ಪವಾಗಿದೆಯೇ, ಒತ್ತಿದರೆ ನೋಯುತ್ತದೆಯೇ ಎಂದು ಬಲಕ್ಕೂ ಎಡಕ್ಕೂ ಹೋಲಿಸಿ ನೋಡುತ್ತಾರೆ. ಆಮೇಲೆ ಬಾಲ್‌ಪೆನ್ನಿನ ತುದಿಯಿಂದ ಅಂಗೈಯ ಕೆಲವು ಗೊತ್ತಾದ ಜಾಗಗಳನ್ನು ಹಗುರವಾಗಿ ಮುಟ್ಟುತ್ತಾರೆ. ಚರ್ಮ ಒಂದಿಷ್ಟು ತಗ್ಗಿದರೆ ಸಾಕು, ಚುಚ್ಚುವ ಅಗತ್ಯವಿಲ್ಲ. ಮೊದಲು ಕಣ್ಣು ತೆರೆದಿರುವಾಗಲೇ ಮುಟ್ಟಿ ತೋರಿಸಿ, ನಂತರ ಕಣ್ಣು ಮುಚ್ಚಿಸಿ, ಮುಟ್ಟಿದ ಜಾಗವನ್ನು ಇನ್ನೊಂದು ಕೈಯ ಬೆರಳಿನಿಂದ ತೋರಿಸಲು ಹೇಳುತ್ತಾರೆ. ಮುಟ್ಟಿದ್ದು ಗೊತ್ತಾಯಿತೇ ಎಂದು ಕೇಳುತ್ತಾ ಹೋದರೆ ಸಂಕೋಚದಿಂದಲೋ ಭಯದಿಂದಲೋ ಹೂಂ ಎನ್ನುವವರೇ ಹೆಚ್ಚು. ಬೆರಳಿಟ್ಟು ತೋರಿಸಲು ಹೇಳಿದಾಗ ಮಾತ್ರ ನಿಜ ತಿಳಿಯುತ್ತದೆ. ಕೊನೆಗೆ ಕಿರುಬೆರಳು ಮತ್ತು ಉಂಗುರ ಬೆರಳುಗಳನ್ನು ನೇರವಾಗಿ ಚಾಚಿಸಿ ನಡುವೆ ಒಂದು ಕಾಗದದ ಚೂರನ್ನು ಹಿಡಿಯಲು ಹೇಳಿ ಎಳೆಯುತ್ತಾರೆ. ಬಲವಿರುವ ಕೈ ಬಿಗಿಹಿಡಿದು ತಡೆಯುತ್ತದೆ, ನರ ಸೋತ ಕೈಯಿಂದ ಕಾಗದ ಸುಮ್ಮನೆ ಜಾರಿ ಬರುತ್ತದೆ. ಇವೆಲ್ಲವನ್ನೂ ರೋಗಿಯ ಕಾರ್ಡಿನಲ್ಲಿ ಬರೆದಿಡಬೇಕು. ಮೊದಲ ದಿನ ಹೇಗಿತ್ತೆಂಬ ದಾಖಲೆಯಿಲ್ಲದೆ ಎರಡು ವಾರದ ನಂತರ ಸುಧಾರಿಸಿತೇ ಇಲ್ಲವೇ ಎಂದು ಯಾರೂ ಹೇಳಲಾರರು. ಬರೆಯದಿದ್ದರೆ ಬರೆಯಿರಿ ಎಂದು ನೀವು ವಿನಯದಿಂದಲೇ ಕೇಳಿ. ಹಾಗೆ ಕೇಳುವುದು ನಿಮ್ಮ ಹಕ್ಕು.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಬೇಸರ ತಂದ ಸಂಗತಿ ಆ ಎರಡು ವರ್ಷದ ಮುಲಾಮು. ಇದರಲ್ಲಿ ನಿಮ್ಮ ತಪ್ಪಿಲ್ಲ. ಚೀಟಿಯಿಲ್ಲದೆ ಸಿಗುವ, ಸ್ಟೀರಾಯ್ಡ್ ಬೆರೆಸಿದ ಮುಲಾಮುಗಳು ಇಂದು ಎಲ್ಲ ಊರುಗಳಲ್ಲೂ ಹರಿದಾಡುತ್ತಿವೆ. ಅವು ಮಚ್ಚೆಯ ಬಣ್ಣವನ್ನೂ ಅಂಚನ್ನೂ ಮಸುಕು ಮಾಡಿ ಕಾಯಿಲೆಯನ್ನು ಮರೆಮಾಚುತ್ತವೆ, ಒಳಗಿನ ನರಕ್ಕೆ ಏನನ್ನೂ ಮಾಡುವುದಿಲ್ಲ. ಈ ಉತ್ತರವನ್ನು ಓದುವ ಇತರರಿಗಾಗಿ ಗುರುತಿಸುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಹುಳುಕಡ್ಡಿ ಸಾಮಾನ್ಯವಾಗಿ ಚೆನ್ನಾಗಿ ತುರಿಸುತ್ತದೆ, ಅಂಚಿನಲ್ಲಿ ಹೊಟ್ಟೇಳುತ್ತದೆ, ದಿನದಿಂದ ದಿನಕ್ಕೆ ಹರಡುತ್ತದೆ. ಎದೆ, ಬೆನ್ನಿನ ಮೇಲೆ ಬೆವರುವ ಕಾಲದಲ್ಲಿ ಏಳುವ ಚಿಬ್ಬು ಸಣ್ಣ ಸಣ್ಣ ಚುಕ್ಕೆಗಳಾಗಿದ್ದು, ಉಗುರಿನಿಂದ ಕೆರೆದರೆ ನವಿರಾದ ಪುಡಿ ಬರುತ್ತದೆ. ತೊನ್ನು ಹಾಲಿನಂತೆ ಅಚ್ಚ ಬಿಳುಪು, ಅಲ್ಲಿ ಮುಟ್ಟಿದ್ದು ಪೂರ್ತಿ ತಿಳಿಯುತ್ತದೆ. ತೊನ್ನಿಗೂ ಕುಷ್ಠರೋಗಕ್ಕೂ ಯಾವ ಸಂಬಂಧವೂ ಇಲ್ಲ, ಅದು ಸೋಂಕೇ ಅಲ್ಲ. ಹುಟ್ಟಿನಿಂದ ಇರುವ ಮಚ್ಚೆಯೂ ಕುಷ್ಠವಲ್ಲ. ಕುಷ್ಠರೋಗದ ಮಚ್ಚೆ ಚರ್ಮದ ಬಣ್ಣಕ್ಕಿಂತ ತಿಳಿಯಾಗಿರುತ್ತದೆ ಅಥವಾ ತಾಮ್ರದಂತೆ ಕೆಂಪಾಗಿರುತ್ತದೆ, ತುರಿಸುವುದಿಲ್ಲ, ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ, ಅದರ ಮೇಲೆ ಕೂದಲು ಉದುರಿ ಬೆವರು ನಿಂತು ಒಣಗಿದಂತಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಹತ್ತಿಯ ಎಳೆಯನ್ನು ಹೊಸೆದು ಮುಟ್ಟಿಸಿದರೆ ಅಲ್ಲಿ ತಿಳಿಯುವುದಿಲ್ಲ, ಪಕ್ಕದ ಚರ್ಮದಲ್ಲಿ ತಿಳಿಯುತ್ತದೆ. ಸ್ಪರ್ಶಜ್ಞಾನವಿಲ್ಲದ ಮಚ್ಚೆ ಒಂದೇ ಇದ್ದರೂ ಅದು ಕುಷ್ಠರೋಗದ ಖಚಿತ ಲಕ್ಷಣ. ಮುಖದ ಮೇಲಿನ ಮಚ್ಚೆಯಲ್ಲಿ ಮಾತ್ರ ಸ್ಪರ್ಶ ಹೋದದ್ದು ಸುಲಭವಾಗಿ ಗೊತ್ತಾಗುವುದಿಲ್ಲ, ಏಕೆಂದರೆ ಅಲ್ಲಿ ನರಗಳ ಜಾಲ ದಟ್ಟವಾಗಿದೆ.

ಮರಗಟ್ಟಿದ ಮಚ್ಚೆ ಇಲ್ಲವೆಂದ ಮಾತ್ರಕ್ಕೆ ಕುಷ್ಠರೋಗ ಇಲ್ಲವೆನ್ನುವಂತೆಯೂ ಇಲ್ಲ. ರೋಗನಿರೋಧಕ ಶಕ್ತಿ ಈ ರೋಗಾಣುವನ್ನು ಎದುರಿಸದೆ ಸುಮ್ಮನಿರುವವರಲ್ಲಿ ರೋಗ ಬೇರೆಯದೇ ರೂಪದಲ್ಲಿ ಬರುತ್ತದೆ. ಮುಖ ಎಣ್ಣೆ ಸವರಿದಂತೆ ಹೊಳೆಯುತ್ತದೆ, ಕಿವಿಯ ಹಾಲೆ ದಪ್ಪವಾಗಿ ಗಂಟುಗಂಟಾಗುತ್ತದೆ, ಹುಬ್ಬಿನ ಹೊರತುದಿಯ ಕೂದಲು ಉದುರುತ್ತದೆ, ಮೂಗು ಕಟ್ಟಿಕೊಂಡು ಕೆಲವೊಮ್ಮೆ ರಕ್ತ ಒಸರುತ್ತದೆ, ಎರಡೂ ಪಾದಗಳು ಊದುತ್ತವೆ. ಮಚ್ಚೆಗಳು ಅಸಂಖ್ಯವಾಗಿದ್ದರೂ ಅಂಚು ಅಸ್ಪಷ್ಟ, ಆರಂಭದಲ್ಲಿ ಸ್ಪರ್ಶವೂ ಇರುತ್ತದೆ. ಇಂತಹವರು ಮೈಕಾಂತಿ ಹೆಚ್ಚಾಗಿದೆ ಎಂದು ನೆರೆಯವರಿಂದ ಹೊಗಳಿಸಿಕೊಂಡು ಬಹಳ ತಡವಾಗಿ ಬರುವುದನ್ನು ಚರ್ಮವೈದ್ಯರು ಕಾಣುತ್ತಲೇ ಇರುತ್ತಾರೆ. ಇವರಲ್ಲಿ ಕಿವಿಯ ಹಾಲೆಯಿಂದಲೂ ಚರ್ಮದಿಂದಲೂ ಸಣ್ಣದಾಗಿ ಗೀರಿ ದ್ರವ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಗಾಣುಗಳು ಕಾಣುತ್ತವೆ. ಇನ್ನು ಕೆಲವರಲ್ಲಿ ಮಚ್ಚೆಯೇ ಇಲ್ಲದೆ ಕೈ ಅಥವಾ ಕಾಲು ಜೋಮು ಹಿಡಿಯುವುದು, ಚಪ್ಪಲಿ ಕಾಲಿನಿಂದ ಜಾರಿದ್ದು ತಿಳಿಯದಿರುವುದು, ನೋವಿಲ್ಲದ ಸುಟ್ಟ ಗಾಯ, ಅಂಗಾಲಿನಲ್ಲಿ ವಾಸಿಯಾಗದ ಹುಣ್ಣು, ಕಣ್ಣು ಪೂರ್ತಿ ಮುಚ್ಚದಿರುವುದು ಮೊದಲ ಲಕ್ಷಣವಾಗಿ ಬರುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಕಾಲು ಮರಗಟ್ಟಿದರೆ ಅದನ್ನು ಸಕ್ಕರೆಯ ಲೆಕ್ಕಕ್ಕೇ ಹಾಕುವುದು ಸುಲಭ. ನರಗಳನ್ನು ಒಮ್ಮೆ ಮುಟ್ಟಿ ನೋಡಿಸುವುದು ಒಳ್ಳೆಯದು. ಎಲ್ಲ ರೋಗಿಗಳಲ್ಲೂ ರೋಗವನ್ನು ಖಚಿತಪಡಿಸುವ ಒಂದು ರಕ್ತಪರೀಕ್ಷೆ ಇನ್ನೂ ಇಲ್ಲ. ಬೆಳಕಿರುವ ಕೋಣೆಯಲ್ಲಿ ಬಟ್ಟೆ ಸರಿಸಿ ಪೂರ್ತಿ ಮೈ ನೋಡುವ ತಾಳ್ಮೆಯುಳ್ಳ ವೈದ್ಯರೇ ಇಲ್ಲಿ ನಿಜವಾದ ಪರೀಕ್ಷೆ.

ಮಾತ್ರೆಗಳ ವಿಷಯ. ಒಂದು ಕಾಲದಲ್ಲಿ ಡ್ಯಾಪ್ಸೋನ್ ಒಂದನ್ನೇ ವರ್ಷಗಟ್ಟಲೆ, ಕೆಲವರಿಗೆ ಜೀವನಪೂರ್ತಿ ಕೊಡುತ್ತಿದ್ದರು. ರೋಗಾಣುಗಳು ಅದಕ್ಕೆ ಬಗ್ಗದಂತಾದಾಗ 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಬಹು ಔಷಧಿ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ನಿಮ್ಮ ತಂದೆಯವರ ಪೊಟ್ಟಣದಲ್ಲಿ 28 ದಿನದ ಮಾತ್ರೆಗಳಿವೆ. ಮೊದಲ ದಿನ ಆರೋಗ್ಯ ಸಿಬ್ಬಂದಿಯ ಎದುರಿನಲ್ಲೇ ನುಂಗುವುದು ರಿಫಾಂಪಿಸಿನ್ 600, ಕ್ಲೊಫಾಜಿಮಿನ್ 300, ಡ್ಯಾಪ್ಸೋನ್ 100 ಮಿಲಿಗ್ರಾಂ. ಉಳಿದ ದಿನಗಳಲ್ಲಿ ಮನೆಯಲ್ಲಿ ಕ್ಲೊಫಾಜಿಮಿನ್ 50 ಮತ್ತು ಡ್ಯಾಪ್ಸೋನ್ 100 ಮಿಲಿಗ್ರಾಂ. ಐದಕ್ಕಿಂತ ಹೆಚ್ಚು ಮಚ್ಚೆ ಇರುವುದರಿಂದ ಅವರಿಗೆ 12 ಪೊಟ್ಟಣಗಳು ಬೇಕು, ಅವನ್ನು ಹೆಚ್ಚೆಂದರೆ 18 ತಿಂಗಳೊಳಗೆ ಮುಗಿಸಬೇಕು. ಐದು ಅಥವಾ ಅದಕ್ಕಿಂತ ಕಡಿಮೆ ಮಚ್ಚೆ ಇದ್ದು, ಚರ್ಮದ ದ್ರವದಲ್ಲಿ ರೋಗಾಣು ಕಾಣದಿದ್ದವರಿಗೆ ಆರು ಪೊಟ್ಟಣ ಸಾಕು. ಮೊದಲು ಅವರಿಗೆ ಎರಡೇ ಔಷಧ ಕೊಡುತ್ತಿದ್ದರು, 2025ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಅವರಿಗೂ ಮೂರು ಔಷಧಗಳ ಕ್ರಮ ಬಂದಿದೆ. ಎಲ್ಲವೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಮೊದಲ ದಿನದ ನಂತರ ಮೂತ್ರ ಕೆಂಪಾಗುವುದು ರಿಫಾಂಪಿಸಿನ್ ಬಣ್ಣದಿಂದ, ಅದು ರಕ್ತವಲ್ಲ. ಮೈ ಕಪ್ಪಾಗಿ ಒಣಗುವುದು ಕ್ಲೊಫಾಜಿಮಿನ್‌ನಿಂದ. ಚಿಕಿತ್ಸೆ ಮುಗಿದ ಮೇಲೆ ತಿಂಗಳುಗಳಲ್ಲಿ ನಿಧಾನವಾಗಿ ತಿಳಿಯಾಗುತ್ತದೆ, ಅಲ್ಲಿಯವರೆಗೆ ಕೊಬ್ಬರಿ ಎಣ್ಣೆ ಸವರಿಕೊಂಡರೆ ಸಾಕು. ಮಾತ್ರೆಯನ್ನು ನಿಜವಾಗಿಯೂ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕಾದ ಸಂದರ್ಭ ಬೇರೆಯೇ ಇದೆ. ಶುರು ಮಾಡಿದ ಮೊದಲ ಒಂದೆರಡು ತಿಂಗಳಲ್ಲಿ ಜ್ವರ, ಮೈತುಂಬ ತುರಿಸುವ ಕೆಂಪು ದದ್ದು, ಕಾಮಾಲೆ, ಕತ್ತಿನಲ್ಲಿ ಗಡ್ಡೆ, ಚರ್ಮ ಸುಲಿಯುವುದು ಕಂಡರೆ ಅದು ಡ್ಯಾಪ್ಸೋನ್ ಒಗ್ಗದಿರುವುದರ ಗುರುತು, ಜೀವಕ್ಕೂ ಅಪಾಯ. ಮುಖ ಬಿಳಿಚಿಕೊಂಡು ಏದುಸಿರು ಬಂದರೆ ರಕ್ತಪರೀಕ್ಷೆ ಮಾಡಿಸಬೇಕು. ಅಂತಹವರಿಗೆ ಬದಲಿ ಔಷಧಗಳಿವೆ, ಚಿಕಿತ್ಸೆ ನಿಲ್ಲುವುದಿಲ್ಲ. ನಿಮ್ಮ ತಂದೆಯವರಲ್ಲಿ ಊದಿರುವುದು ಹಳೆಯ ಮಚ್ಚೆಗಳು ಮಾತ್ರ ಎಂದು ಬರೆದಿದ್ದೀರಿ. ಈ ವ್ಯತ್ಯಾಸವನ್ನು ವೈದ್ಯರ ಮುಂದೆ ಸ್ಪಷ್ಟವಾಗಿ ಹೇಳಿ.

ತಟ್ಟೆ, ಲೋಟವನ್ನು ಇಂದೇ ಒಟ್ಟಿಗೆ ಇಡಿ. ಈ ರೋಗ ಹರಡುವುದು ಮುಖ್ಯವಾಗಿ ಚಿಕಿತ್ಸೆ ಪಡೆಯದ ರೋಗಿಯ ಮೂಗು, ಬಾಯಿಯಿಂದ ಹೊರಡುವ ತುಂತುರಿನ ಮೂಲಕ, ಅದೂ ದೀರ್ಘಕಾಲದ ಹತ್ತಿರದ ಒಡನಾಟದಲ್ಲಿ. ಮುಟ್ಟುವುದರಿಂದ, ಪಕ್ಕದಲ್ಲಿ ಕುಳಿತು ಊಟ ಮಾಡುವುದರಿಂದ ಬರುವುದಿಲ್ಲ. ನೂರರಲ್ಲಿ ತೊಂಬತ್ತೈದು ಜನರಿಗೆ ಈ ರೋಗಾಣುವನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಮೇಲಾಗಿ ರಿಫಾಂಪಿಸಿನ್‌ನ ಮೊದಲ ಪ್ರಮಾಣವೇ ಕೆಲವೇ ದಿನಗಳಲ್ಲಿ ಬಹುತೇಕ ಎಲ್ಲ ರೋಗಾಣುಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಮೂರನೆಯ ಪೊಟ್ಟಣ ನುಂಗುತ್ತಿರುವ ನಿಮ್ಮ ತಂದೆಯವರಿಂದ ನಿಮ್ಮ ಮಗಳಿಗೆ ಈಗ ಸೋಂಕಿನ ಭಯವಿಲ್ಲ, ಅಜ್ಜನ ತೊಡೆಯ ಮೇಲೆ ಧಾರಾಳವಾಗಿ ಕೂರಬಹುದು. ನೀವು ಯೋಚಿಸಬೇಕಾದದ್ದು ಚಿಕಿತ್ಸೆಗೆ ಮುಂಚಿನ ವರ್ಷಗಳ ಬಗ್ಗೆ. ಅದಕ್ಕಾಗಿ ಮನೆಯ ಎಲ್ಲರ ಮೈಯನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಮಚ್ಚೆ ಇಲ್ಲದವರಿಗೆ ತಡೆಗಾಗಿ ರಿಫಾಂಪಿಸಿನ್‌ನ ಒಂದೇ ಒಂದು ಪ್ರಮಾಣವನ್ನು ಸರ್ಕಾರವೇ ಕೊಡುತ್ತದೆ, ಎರಡು ವರ್ಷ ದಾಟಿದ ಮಕ್ಕಳಿಗೂ ತೂಕಕ್ಕೆ ತಕ್ಕಂತೆ ಕೊಡುತ್ತಾರೆ. ಬಾಂಗ್ಲಾದೇಶದಲ್ಲಿ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ಮೊದಲ ಎರಡು ವರ್ಷ ಇದು ರೋಗದ ಸಾಧ್ಯತೆಯನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿತು. ಕ್ಷಯದ ಲಕ್ಷಣ ಇರುವವರಿಗೆ, ಗರ್ಭಿಣಿಯರಿಗೆ, ಯಕೃತ್ತಿನ ತೊಂದರೆ ಇರುವವರಿಗೆ ಇದನ್ನು ಕೊಡುವುದಿಲ್ಲ. ಮಾತ್ರೆ ನುಂಗಿದ ಮೇಲೂ ಮಗಳ ಮೈಯನ್ನು ಸ್ನಾನ ಮಾಡಿಸುವಾಗ ಆಗಾಗ ಗಮನಿಸುತ್ತಿರಿ.

ತಂಗಿಯ ಮದುವೆಗೂ ಇದಕ್ಕೂ ಸಂಬಂಧ ಹಚ್ಚಬೇಡಿ. ಕುಷ್ಠರೋಗ ವಂಶಪಾರಂಪರ್ಯವಲ್ಲ, ಶಾಪವಲ್ಲ, ಪಾಪದ ಫಲವಲ್ಲ. ಕುಷ್ಠರೋಗಿಗಳನ್ನು ಕೂಡಿಹಾಕಲು ಅವಕಾಶ ಕೊಟ್ಟಿದ್ದ 1898ರ ಕಾನೂನು 2016ರಲ್ಲಿ ರದ್ದಾಯಿತು. ಸಂಗಾತಿಗೆ ಕುಷ್ಠರೋಗ ಬಂದದ್ದನ್ನೇ ವಿಚ್ಛೇದನಕ್ಕೆ ಕಾರಣವಾಗಿ ಒಪ್ಪುತ್ತಿದ್ದ ವಿಧಿಗಳನ್ನು ಸಂಸತ್ತು 2019ರಲ್ಲಿ ತೆಗೆದುಹಾಕಿತು. ಆದರೂ ಜನರ ಮನಸ್ಸಿನಲ್ಲಿ ಹಳೆಯ ಹೆದರಿಕೆ ಉಳಿದಿದೆ. ಹತ್ತು ಸಾವಿರ ಜನರಿಗೆ ಒಬ್ಬರಿಗಿಂತ ಕಡಿಮೆ ರೋಗಿಗಳೆಂಬ ಮಟ್ಟವನ್ನು ಭಾರತ 2005ರ ಕೊನೆಗೇ ಮುಟ್ಟಿತಾದರೂ, ಈಗಲೂ ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು ಇಲ್ಲಿ ಪತ್ತೆಯಾಗುತ್ತಿದ್ದಾರೆ. ಜಗತ್ತಿನ ಒಟ್ಟು ಹೊಸ ರೋಗಿಗಳಲ್ಲಿ ಇದು ಅರ್ಧಕ್ಕಿಂತ ಹೆಚ್ಚು. ನಿಮ್ಮ ಮನೆ ಒಂಟಿಯಲ್ಲ. ಆ ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಬಂದು, ಸಂಕೋಚಪಡದೆ ಬೆನ್ನು ತೋರಿಸಿ ಎಂದು ಕೇಳಿ ನಿಮ್ಮ ತಂದೆಯವರಿಗೆ ಮಾಡಿರುವ ಉಪಕಾರ ಸಣ್ಣದಲ್ಲ.

ಸ್ಪರ್ಶ ಹೋದ ಕೈಯ ಆರೈಕೆಯನ್ನು ಈಗಿನಿಂದಲೇ ರೂಢಿಸಿಕೊಳ್ಳಬೇಕು. ನೋವು ತಿಳಿಯದ ಬೆರಳು ಕುಡುಗೋಲಿನ ಹಿಡಿಯನ್ನು ಅಗತ್ಯಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ, ಬೊಕ್ಕೆ ಎದ್ದದ್ದು ತಿಳಿಯುವುದಿಲ್ಲ. ಹಿಡಿಗೆ ದಪ್ಪ ಬಟ್ಟೆ ಸುತ್ತಿ, ಬಿಸಿ ಚಹಾದ ಲೋಟವನ್ನು ಎಡಗೈಯಲ್ಲಿ ಹಿಡಿಯಲಿ, ಬೀಡಿ ಸೇದುವ ಅಭ್ಯಾಸವಿದ್ದರೆ ಬಿಡಲಿ. ರಾತ್ರಿ ಕೈಯನ್ನು ಇಪ್ಪತ್ತು ನಿಮಿಷ ತಣ್ಣೀರಿನಲ್ಲಿ ನೆನೆಸಿ, ಗಡುಸಾದ ಚರ್ಮವನ್ನು ನಯವಾಗಿ ಉಜ್ಜಿ ತೆಗೆದು, ಒದ್ದೆ ಇರುವಾಗಲೇ ಎಣ್ಣೆ ಸವರಬೇಕು. ಆಮೇಲೆ ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ನೇರ ಮಾಡಿ ಹಿಡಿಯುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಅಥವಾ ಆರೋಗ್ಯ ಕಾರ್ಯಕರ್ತರಿಂದ ಕಲಿಯಿರಿ, ಇಲ್ಲವಾದರೆ ಬಾಗಿದ ಕೀಲುಗಳು ಹಾಗೆಯೇ ಗಟ್ಟಿಯಾಗುತ್ತವೆ. ಪಾದದಲ್ಲಿ ಸ್ಪರ್ಶ ಕಡಿಮೆ ಇದ್ದರೆ ಮೆತ್ತನೆಯ ಅಟ್ಟೆಯ ಎಂ.ಸಿ.ಆರ್. ಪಾದರಕ್ಷೆಯನ್ನು ಆರೋಗ್ಯ ಇಲಾಖೆ ಉಚಿತವಾಗಿ ಕೊಡುತ್ತದೆ, ಕೇಳಿ ಪಡೆಯಿರಿ. ಇಷ್ಟೆಲ್ಲ ಮಾಡಿಯೂ ಬೆರಳು ಬಾಗಿ ಉಳಿದರೆ, ಕೆಲಸ ಮಾಡುವ ಸ್ನಾಯುವಿನ ತಂತುವನ್ನು ಸೋತ ಬೆರಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆ ಇದೆ. ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1940ರ ದಶಕದ ಕೊನೆಯಲ್ಲಿ ಆರಂಭಿಸಿದ ಈ ಕೆಲಸ ಇಂದು ಸರ್ಕಾರದ ಕಾರ್ಯಕ್ರಮದಡಿ ಉಚಿತವಾಗಿಯೇ ನಡೆಯುತ್ತದೆ.

ನಾಳೆ ಹೋಗುವಾಗ ಮಾತ್ರೆಯ ಖಾಲಿ ಪೊಟ್ಟಣಗಳನ್ನೂ ರೋಗಿಯ ಕಾರ್ಡನ್ನೂ, ಮೊದಲು ಹಚ್ಚುತ್ತಿದ್ದ ಮುಲಾಮಿನ ಟ್ಯೂಬನ್ನೂ ತೆಗೆದುಕೊಂಡು ಹೋಗಿ. ತುತ್ತು ಜಾರಲು ಆರಂಭವಾದ ದಿನ ಯಾವುದೆಂದು ತಂದೆಯವರನ್ನು ಕೇಳಿ ನೆನಪಿಟ್ಟುಕೊಳ್ಳಿ, ವೈದ್ಯರು ಕೇಳುವ ಮೊದಲ ಪ್ರಶ್ನೆ ಅದೇ. ಸ್ಟೀರಾಯ್ಡ್ ಶುರುವಾದ ಮೇಲೆ ಎರಡು ವಾರಕ್ಕೊಮ್ಮೆ ಕೈಯ ಬಲವನ್ನು ಪರೀಕ್ಷಿಸಿಕೊಳ್ಳಬೇಕು, ನೋವು ಹೆಚ್ಚಾದರೆ ಅದಕ್ಕೂ ಮೊದಲೇ ಹೋಗಬೇಕು. 12 ಪೊಟ್ಟಣಗಳು ಮುಗಿದಾಗ ಅವರು ಗುಣಮುಖರಾಗಿರುತ್ತಾರೆ. ಮಚ್ಚೆಯ ಗುರುತು ಸ್ವಲ್ಪ ಉಳಿದಿದ್ದರೂ ಮಾತ್ರೆ ಮುಂದುವರಿಸುವ ಅಗತ್ಯವಿಲ್ಲ. ಆದರೆ ಆಮೇಲೂ ಕೆಲವು ವರ್ಷ ಮಚ್ಚೆ ಊದುವುದು, ನರ ನೋಯುವುದು, ಹೊಸದಾಗಿ ಜೋಮು ಹಿಡಿಯುವುದು ಕಂಡರೆ ಈಗಿನಷ್ಟೇ ಬೇಗ ಆಸ್ಪತ್ರೆಗೆ ಬರಬೇಕು. ಅದು ಬಹುತೇಕ ರಿಯಾಕ್ಷನ್ ಆಗಿರುತ್ತದೆ, ರೋಗವೇ ಮರುಕಳಿಸುವುದು ಅಪರೂಪ. ಯಾವುದೆಂದು ಬೇರ್ಪಡಿಸಿ ಹೇಳಬೇಕಾದದ್ದು ವೈದ್ಯರ ಕೆಲಸ.